ಮೂರು ಕೆಜಿ ಸೀಸ

ಪೋರ್ಚುಗಲ್, ಮಂಗಳವಾರ

ಕೊಕ್ಕರೆ ಬೆಳ್ಳೂರಿನ ಪಟ್ಟಲಮ್ಮ ಅತ್ತೆಗೆ,

ಇಲ್ಲಿ ನಾವು ರೆಕ್ಕೆ ಹೊಲಿದ ಉಡುಪು ತೊಟ್ಟು ವಿಮಾನದಿಂದ ಹಾರುತ್ತೇವೆ. ಭಾರತೀನಗರದ ಶಶಿಧರ್ ತೊಂಬತ್ತೈದು ಕೆಜಿ, ಬೇಗ ಕೆಳಗಿಳಿಯುತ್ತಾನೆ. ನಾನು ನಲವತ್ತೆರಡು. ಅವನ ರೆಕ್ಕೆ ದೊಡ್ಡದಾದರೂ, ಅವನ ಜೊತೆಗೇ ಹಾರಲು ನಾನು ಸೊಂಟಕ್ಕೆ ಮೂರು ಕೆಜಿ ಸೀಸ ಕಟ್ಟಿಕೊಳ್ಳಬೇಕು. ನಿನ್ನೆ ಮರೆತೆ. ಮೇಲೆ ಒಬ್ಬಳೇ ಉಳಿದೆ.

ಆಗ ಪಕ್ಕಕ್ಕೆ ಒಂದು ಕೊಕ್ಕರೆ ಬಂತು. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ, ನಮ್ಮೂರಿನದೇ. ಈ ದೇಶದಲ್ಲಿ ಆ ಜಾತಿಯೇ ಇಲ್ಲ. ರೆಕ್ಕೆ ಬಡಿಯದೆ ನನ್ನನ್ನೇ ನೋಡುತ್ತಿತ್ತು. ಹೆರಿಗೆಗೆ ಬಂದ ಮಗಳನ್ನು ಕರೆದಂತೆ ನೀನು ವರ್ಷವೂ ಕೊಕ್ಕರೆಗಳನ್ನು ಕರೆಯುತ್ತೀಯಲ್ಲ, ಅದೇ ಅಭ್ಯಾಸದಲ್ಲಿ ನನ್ನ ಬಾಯಿಗೂ ಬಂತು: "ಬಾ ಕಣವ್ವ, ನಮ್ಮನೆಗೇ ಬಾ." ಮರುಕ್ಷಣ ಅದು ಕಾಣಲಿಲ್ಲ.

ಇಳಿದಾಗ ಶಶಿಧರ್ ರೇಗಿದ. "ಎಲ್ಲಮ್ಮಿ ಓಗಿದ್ದೆ? ಅರ್ಧ ಗಂಟೆಯಿಂದ ಕಾಯ್ತಾ ಇವ್ನಿ!" ನನಗೆ ಎರಡೇ ನಿಮಿಷ ಎನಿಸಿತ್ತು.

ದಪ್ಪಗಿದ್ದೇನೆಂದು ಹಾರಲು ಹೆದರಬೇಕಿಲ್ಲ ಎಂದು ನಿನ್ನ ಮಗಳು ಅರುಂಧತಿಗೆ ಹೇಳು. ಮೈಗೆ ತಕ್ಕ ರೆಕ್ಕೆ ಕೊಡುತ್ತಾರೆ. ಮೊದಲು ಪ್ಯಾರಾಚೂಟ್ ಕಲಿತು ಧೈರ್ಯವಾಗಿ ಬರಲಿ. ಮೇಲೆ ಯಾರನ್ನೂ ಕರೆಯಬಾರದು, ಅಷ್ಟೆ.

ಆರೋಗ್ಯ ಪರವಾಗಿಲ್ಲ. ನಿನ್ನೆಯಿಂದ ಅನ್ನ ಸೇರುತ್ತಿಲ್ಲ, ಮೀನು ಮಾತ್ರ ಸೇರುತ್ತಿದೆ. ಇವತ್ತು ಬೆಳಿಗ್ಗೆ ತೂಗಿದರು, ನಲವತ್ತೈದು ಬಂತು. ಇನ್ನು ಸೀಸ ಬೇಡವಂತೆ.

ಅತ್ತೆ, ಮರಿ ಬೆಳೆದ ಮೇಲೆ ಕೊಕ್ಕರೆಗಳನ್ನು ಕಳಿಸಿಕೊಡುವಾಗ ಏನು ಹೇಳುತ್ತೀಯ? ತಕ್ಷಣ ಬರೆ.

ಶಾಲಿನಿ