ಪರದೆಯ ಮೇಲೆ ನನ್ನ ಹೆದರಿಕೆ

ತುಮಕೂರು
ಸೋಮವಾರ

ಅಪರ್ಣ ಮೇಡಂ ಅವರಿಗೆ,

ಮೊದಲು ‘ಅಕ್ಕ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕ್ಷಮಿಸಿ.

ನಮ್ಮ ಸ್ಕೂಟರ್ ಶೋರೂಮಿಗೆ ಮ್ಯಾನೇಜರಾಗಿ ಬಂದ ಹೊಸದರಲ್ಲಿ ನೀವು ಒಬ್ಬೊಬ್ಬರನ್ನೇ ಕರೆದು, ಕಾಫಿ ಕೊಡಿಸಿ, ಕೆಲಸದಲ್ಲಿ ಏನು ಕಷ್ಟ ಎಂದು ಕೇಳಿದಿರಿ. “ನೀನು ಬೆಳೀಲಿ ಅಂತಲೇ ಕೇಳ್ತಿರೋದು ಕಣೇ. ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತೆ” ಎಂದಿರಿ. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಗಿರಾಕಿ ದನಿ ಏರಿಸಿದರೆ ಗಂಡನ ಕೂಗಾಟ ನೆನಪಾಗಿ ಮಾತೇ ಹೊರಡುವುದಿಲ್ಲ ಎಂದು ಹೇಳಿಬಿಟ್ಟೆ.

ಶನಿವಾರದ ಮೀಟಿಂಗಿನಲ್ಲಿ ಅದನ್ನೇ ಪರದೆಯ ಮೇಲೆ ಎಲ್ಲರಿಗೂ ತೋರಿಸಿದಿರಿ: “ಕೋಮಲಾ: ಮನೆ ಜಗಳದಿಂದಾಗಿ ಗಿರಾಕಿಗಳಿಗೆ ಹೆದರುತ್ತಾರೆ. ಸುಧಾರಿಸಬೇಕು.” ಪಕ್ಕದಲ್ಲಿ ನಗುಮುಖದ ಚಿತ್ರ ಬೇರೆ.

ಈಗ ಮೆಕ್ಯಾನಿಕ್ ಹನುಮಂತರಾಜು ಹಿಂದಿನಿಂದ ಬಂದು ಜೋರಾಗಿ ಕೂಗುತ್ತಾನೆ. ನಾನು ಬೆಚ್ಚಿದರೆ, “ಇನ್ನೂ ಸುಧಾರಿಸಿಲ್ಲ ಬುಡು” ಅನ್ನುತ್ತಾನೆ. ಇವತ್ತು ಬೆಳಿಗ್ಗೆ ನೀವೂ ನಕ್ಕಿರಿ.

ನನ್ನನ್ನು ಗುಬ್ಬಿ ಶಾಖೆಗೆ ಕಳಿಸಿಕೊಡಿ. ಮಾಲೀಕರ ಹತ್ತಿರವೂ ಕೇಳಿಕೊಂಡಿದ್ದೇನೆ; ಯಾಕೆಂದು ಅವರು ಕೇಳಿದರು. ಬಸ್ಸಿಗೆ ಅನುಕೂಲ ಎಂದಷ್ಟೇ ಹೇಳಿದ್ದೇನೆ, ನೀವೂ ಹಾಗೇ ಹೇಳಿ. ಮಿಕ್ಕಿದ್ದು ನಮ್ಮಿಬ್ಬರಲ್ಲೇ ಇರುತ್ತೆ.

ಇಂತಿ,
ಕೋಮಲಾ
ಸರ್ವೀಸ್ ಕೌಂಟರ್