ಕೊಡಲಿಯ ಕಾವು

ಫೆಬ್ರವರಿ 3, ಸೋಮವಾರ
ಇವತ್ತೂ ಸಣ್ಣ ಮರವೇ. ಮರ ಕೊಯ್ಯುವ ನಮ್ಮ ಮಿಲ್ಲಿಗೆ ಉತ್ತರದ ಕಾಡಿನ ಲಾರಿ ಬಂತು — ಒಂದು ದಿಮ್ಮಿಯೂ ನನ್ನ ತೊಡೆಯಷ್ಟು ದಪ್ಪ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಬ್ಬಿದರೂ ಕೈಗೆ ಸಿಗದಂಥವು ಬರುತ್ತಿದ್ದವು. ಈಗ ಹಲಗೆಗಿಂತ ಮರದ ಹೊಟ್ಟು ಹೆಚ್ಚು. ಹತ್ತಿರದ ಕಾಡೆಲ್ಲ ಕಡಿದಾಯಿತು, ಮತ್ತೆ ನೆಟ್ಟದ್ದು ಇನ್ನೂ ಎಳೆಯದು. ದೂರದ್ದನ್ನು ತರೋಣವೆಂದರೆ ಚಳಿಗೆ ನೆಲ ಹೆಪ್ಪುಗಟ್ಟಿ ಗಟ್ಟಿಯಾದಾಗ ಮಾತ್ರ ಲಾರಿ ಒಳಗೆ ಹೋದೀತು. ಚಳಿಗಾಲವೋ, ಬಂದ ನೆಂಟನ ಹಾಗೆ ಬೇಗ ಎದ್ದು ಹೋಗುತ್ತದೆ. ನೆಲ ಕರಗಿತೋ, ಚಕ್ರ ಹೂತಿತು.
ಸಾಣೆ ಕೋಣೆಯಲ್ಲಿ ಕೂತು ನೊಣ ಹೊಡೆಯುವ ಕೆಲಸ. ಗರಗಸ ಓಡದಿದ್ದರೆ ಬ್ಲೇಡ್ ಯಾಕೆ ಮೊಂಡಾಗುತ್ತದೆ?
ಟೀ ಹೊತ್ತಿಗೆ ಕ್ರೇನ್ ಅಕ್ಕ ಬಂದಳು, ಯಾರ್ಡಿನಲ್ಲಿ ದಿಮ್ಮಿ ಎತ್ತುವ ಕ್ರೇನ್ ಓಡಿಸುವವಳು. ಬಂದರಿನಿಂದ ಕೆಲಸಕ್ಕೆ ಕರೆದಿದ್ದಾರಂತೆ. ಅಲ್ಲೂ ಕ್ರೇನೇ.
"ಹೋಗ್ಲೋ, ಇರ್ಲೋ? ಮಿಲ್ಲು ನಡೆಯುತ್ತಾ ಅಂತ ನಿಮ್ಮಣ್ಣನ್ನ ಒಂದ್ಮಾತು ಕೇಳೇ. ನೀನು ಕೇಳಿದ್ರೆ ನಿಜ ಹೇಳ್ತಾರೆ."
ಅಣ್ಣ ಮಿಲ್ಲಿನ ಮ್ಯಾನೇಜರ್. ಹೊಟ್ಟು ಗುಡಿಸುತ್ತಾ ಶುರು ಮಾಡಿ ಆ ಕುರ್ಚಿಗೆ ಬಂದವನು. ಕೇಳುತ್ತೇನೆ ಎಂದೆ.

ಫೆಬ್ರವರಿ 5
ಬುಧವಾರದ ಊಟಕ್ಕೆ ಅಣ್ಣ ಬಂದ. ಕೇಳಿದೆ. ತಟ್ಟೆಯಿಂದ ಮುಖ ಎತ್ತಲಿಲ್ಲ.
"ಯಾರೂ ಎಲ್ಲಿಗೂ ಹೋಗೋದು ಬೇಡ. ದೊಡ್ಡ ಆರ್ಡರ್ ಬರ್ತಾ ಇದೆ. ನೀನು ಸ್ಟೋರಲ್ಲಿರೋ ಬ್ಲೇಡೆಲ್ಲ ತೆಗೆದು ಸಾಣೆ ಹಿಡಿ. ಹೊಸದರ ಹಾಗೆ ಹೊಳೀಬೇಕು."
"ಅಕ್ಕಂಗೆ ಹೇಳ್ಲಾ?"
"ಎಲ್ಲರಿಗೂ ಹೇಳು."
ಅಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. "ನನ್ನ ಮಗ ಬಾಯಿಬಿಟ್ಟು ಹೇಳಿದ್ನಲ್ಲ, ಇನ್ನೇನು!"

ಫೆಬ್ರವರಿ 6
ಅಕ್ಕನಿಗೆ ಹೇಳಿದೆ. ನನ್ನೆದುರೇ ಬಂದರಿಗೆ ಫೋನ್ ಮಾಡಿ ಬರೋದಿಲ್ಲ ಎಂದಳು. ಫೋನ್ ಇಟ್ಟು ನಕ್ಕಳು. "ಸದ್ಯ! ಸಮುದ್ರದ ಗಾಳಿ ನನಗೆ ಆಗಲ್ಲ, ನೆಗಡಿ."
ಮಿಲ್ಲಿನ ಊಟದ ಮನೆಯಲ್ಲಿ ಎಲ್ಲರಿಗೂ ಸುದ್ದಿ ಹೇಳಿದೆ.

ಫೆಬ್ರವರಿ 24
ಬರೆಯಲು ಪುರುಸೊತ್ತಿಲ್ಲ. ತುಕ್ಕು ಹಿಡಿದು ಬಿದ್ದಿದ್ದ ಬ್ಲೇಡುಗಳನ್ನೂ ಬಿಡದೆ ಎತ್ತಿದೆ. ಒಂದೊಂದು ಹಲ್ಲಿಗೂ ಮತ್ತೆ ಜೀವ. ಕೈ ತುಂಬ ಬೊಬ್ಬೆ, ಆದರೂ ಮನಸ್ಸು ಹಗುರ. ಮೆಷಿನ್‌ಗಳಿಗೂ ಹೊಸ ಪೇಂಟ್ ಬಿತ್ತು. ಮದುವೆ ಮನೆ ಥರ ಇದೆ ಮಿಲ್ಲು.

ಮಾರ್ಚ್ 4, ಮಂಗಳವಾರ
ಹೊರಗಿನವರು ಬಂದಿದ್ದರು. ಆರ್ಡರಿನವರೇ ಇರಬೇಕು ಅಂದುಕೊಂಡೆ. ಟೇಪ್ ಹಿಡಿದು ಮೆಷಿನ್‌ಗಳನ್ನು ಅಳೆದರು. ಫೋಟೊ ತೆಗೆದರು. ಹಲಗೆ ಕೊಳ್ಳುವವರಿಗೆ ಮೆಷಿನ್ ಅಳತೆ ಯಾತಕ್ಕೆ? — ಆಗಲೇ ಹೊಳೆಯಬೇಕಿತ್ತು.
ಒಬ್ಬ ನನ್ನ ಬ್ಲೇಡನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇದನ್ನ ಯಾರು ಮಾಡಿದ್ದು?"
"ನಾನೇ." ಹೆಮ್ಮೆಯಿಂದ ಹೇಳಿದೆ. ಥೂ.
"ಒಳ್ಳೇದಾಯ್ತು. ಬಿಚ್ಚಿಕೊಂಡು ಹೋಗಿ ಅಲ್ಲಿ ಜೋಡಿಸಿದ ಕೂಡ್ಲೇ ಓಡಿಸ್ಬಹುದು."
"ಅಲ್ಲಿ ಅಂದ್ರೆ ಎಲ್ಲಿ?"
ಅವನು ಅಣ್ಣನ ಕಡೆ ನೋಡಿದ. ಅಣ್ಣ ಬ್ಲೇಡ್ ನೋಡುತ್ತಿದ್ದ.

ಅದೇ ದಿನ, ಸಂಜೆ
ಆಫೀಸಿಗೆ ಹೋಗಿ ಬಾಗಿಲು ಹಾಕಿದೆ.
"ಯಾವಾಗ್ನಿಂದ ಗೊತ್ತು?"
"ಹೋದ ಬೇಸಿಗೆಯಿಂದ." ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. "ಕಾಡು ಮುಗೀತು ಕಣೇ. ಮರ ಇಲ್ದೆ ನಾನೇನು ಗಾಳಿ ಕೊಯ್ಲಾ? ಮಾಲೀಕರು ಮಾರಿಬಿಡು ಅಂದ್ರು. ನಿಂತ ಮಿಲ್ಲಿಗೆ ಯಾರು ಬೆಲೆ ಕೊಡ್ತಾರೆ? ಜನ ಇರ್ಬೇಕು, ಓಡ್ತಾ ಇರ್ಬೇಕು."
"ನನಗಾದ್ರೂ ಹೇಳ್ಬಾರದಿತ್ತಾ?"
"ನಿನ್ನ ಹೊಟ್ಟೇಲಿ ಏನೂ ನಿಲ್ಲಲ್ಲ. ಮುಖ ನೋಡಿದ್ರೆ ಗೊತ್ತಾಗ್ಬಿಡುತ್ತೆ. ಅವರು ನಂಬೋದು ನಿನ್ನನ್ನ, ನನ್ನನ್ನಲ್ಲ."
ಎಷ್ಟು ಸಲೀಸಾಗಿ ಹೇಳಿದ!
"ಕೊಂಡವರ ಮಿಲ್ಲಲ್ಲಿ ನಿನಗೊಂದು ಜಾಗ ಮಾಡಿಸಿದೀನಿ," ಎಂದೂ ಹೇಳಿದ. ಉಪಕಾರ ಮಾಡಿದವನ ದನಿ.
ಮಿಲ್ಲು ಮುಚ್ಚುವುದು ಸಂಕಟವಲ್ಲ. ಕಾಡಿನ ಸ್ಥಿತಿ ನಾನೂ ಕಂಡಿದ್ದೇ. ಒಡಹುಟ್ಟಿದವನು ನನ್ನ ನಾಲಿಗೆಯನ್ನೇ ಎರವಲು ಪಡೆದು ಸುಳ್ಳು ಹೇಳಿಸಿದ... ಸಾಕು.

ಮಾರ್ಚ್ 5
ಅವನು ಹೇಳುವ ಮೊದಲೇ ಊಟದ ಮನೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಯಾರೋ ಲೋಟ ಎಸೆದರು. ಯಾರೋ, "ನಾಟಕ ನೋಡಿ, ತಂಗಿಗೆ ಗೊತ್ತಿರ್ಲಿಲ್ವಂತೆ!"
ಕ್ರೇನ್ ಅಕ್ಕ ಬಯ್ಯಲಿಲ್ಲ. ಹೊರಗೆ ಹೋಗಿ ಬಂದರಿಗೆ ಫೋನ್ ಮಾಡಿದಳು. ಬೇರೆಯವರು ಬಂದಾಯಿತಂತೆ.
ಹತ್ತಿರ ಹೋದೆ. ದನಿ ಏರಿಸಲೂ ಇಲ್ಲ ಅವಳು.
"ಕುಲಕ್ಕೆ ಮೃತ್ಯು ಕೊಡಲಿ ಕಾವು ಅಂತಾರಲ್ಲ. ನಿಮ್ಮಣ್ಣ ಬಿಡು, ಅವನು ಕಬ್ಬಿಣ. ಕಾವು ನೀನು ಕಣೇ. ನಮ್ಮದೇ ಮರ."

ಏಪ್ರಿಲ್ 11
ಮಿಲ್ಲು ಖಾಲಿ. ಮೆಷಿನ್ ಕೂತಿದ್ದ ಕಡೆ ನೆಲದಲ್ಲಿ ಬೋಲ್ಟು ಮಾತ್ರ. ಬ್ಲೇಡುಗಳನ್ನು ಕಂಬಳಿಯಲ್ಲಿ ಸುತ್ತಿ ಒಯ್ದರಂತೆ.
ಅಣ್ಣ ಮಾಡಿಸಿದ ಜಾಗಕ್ಕೆ ಹೋಗಲಿಲ್ಲ. ಅಮ್ಮನಿಗೆ ಸಿಟ್ಟು. "ಬಂದ ಅನ್ನಾನ ಒದೀತಾರೇನೇ?" ಕಿಟಕಿ ಚೌಕಟ್ಟು ಮಾಡುವ ಬಡಗಿಯ ಅಂಗಡಿ ಸೇರಿದ್ದೇನೆ. ಹಲಗೆ ಹಡಗಿನಲ್ಲಿ ಬರುತ್ತದೆ, ಎಲ್ಲಿಯದೋ ಕಾಡು.
ಅಕ್ಕ ಫೋನ್ ಎತ್ತುತ್ತಿಲ್ಲ. ಮರದ ಹೊಟ್ಟನ್ನು ಒತ್ತಿ ಒಲೆಗೆ ಹಾಕುವ ಉಂಡೆ ಮಾಡುವ ಫ್ಯಾಕ್ಟರಿಯಲ್ಲಿ ಚೀಲ ಹೊಲಿಯುತ್ತಾಳಂತೆ. ಕ್ರೇನಿನ ಮೇಲೆ ಕೂತು ಇಡೀ ಯಾರ್ಡನ್ನು ಬೆರಳಿನಲ್ಲಿ ಕುಣಿಸಿದವಳು.

ಮೇ 7, ಬುಧವಾರ
ಅಣ್ಣ ಊಟಕ್ಕೆ ಬಂದ. ಏನೂ ಆಗಿಯೇ ಇಲ್ಲವೆಂಬಂತೆ.
"ಮಾತಾಡಲ್ವಾ ನನ್ಹತ್ರ?"
"ಒಂದೇ ಒಂದು ಕೇಳ್ತೀನಿ," ಎಂದೆ. "ಅಕ್ಕನ ಮನೆಗೆ ಹೋಗು. ನನ್ನ ತಂಗಿಗೆ ಗೊತ್ತಿರ್ಲಿಲ್ಲ ಅಂತ ನಿನ್ನ ಬಾಯಲ್ಲಿ ಹೇಳು. ಅಷ್ಟೇ."
"ಈಗ ಹೇಳಿ ಏನು ಬಂತು? ಅವಳ ಕೆಲಸ ವಾಪಸ್ ಬರುತ್ತಾ?"
ಕೈ ತೊಳೆದು ಹೊರಟ. ಅಮ್ಮ ಬಾಗಿಲವರೆಗೆ ಹೋಗಿ ಬಂದು, ಮೊದಲ ಸಲ, ನನ್ನ ಮುಖ ನೋಡಿದಳು. "ನಿನಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"
ಅಮ್ಮನೂ.
ಚಪ್ಪಲಿ ಮೆಟ್ಟಿದ್ದೇನೆ. ಅಕ್ಕ ಈಗ ಮನೆಯಲ್ಲೇ ಇರುತ್ತಾಳೆ. ಬಾಗಿಲು ತೆಗೆದರೆ ಮೊದಲ ಮಾತು — ನನಗೆ ಗೊತ್ತಿರಲಿಲ್ಲ ಅಕ್ಕಾ... ಅಲ್ಲ. ಅದು ಬೇಡ. ಗೊತ್ತಿಲ್ಲದೆಯೂ ಹೇಳಿದವಳು ನಾನೇ. ಮೊದಲು ಅದನ್ನೇ ಹೇಳುತ್ತೇನೆ.