ಅಂಜಲೈಯ ಹೆಬ್ಬೆಟ್ಟು

ಜುಲೈ ೧೪, ಸೋಮವಾರ

ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಅಂಜಲೈ ತನ್ನ ತಮಿಳಿನಲ್ಲಿ ಕೇಳಿದಳು, “ಅಕ್ಕಾ, ನಮ್ಮ ಮೆಟ್ರೋ ಸ್ಟೇಷನ್ ಎಪ್ಪೋ ವರುಂ?” ಅದಕ್ಕಾಗಿ ತಾನೂ ಹೆಬ್ಬೆಟ್ಟು ಒತ್ತಿದ್ದೇನೆಂಬ ಹೆಮ್ಮೆ ಬೇರೆ. “ವರುಂ, ವರುಂ”, ಬರುತ್ತೆ ಬಿಡು ಎಂದುಬಿಟ್ಟೆ.

ಅವಳು ಒತ್ತಿದ್ದು ಸ್ಟೇಷನ್ ಬೇಡವೆಂಬ ಅರ್ಜಿಗೆ. ಮೆಟ್ರೋ ಪಲ್ಲಾವರಂ ದಾಟಿ ಎಲ್ಲಿಗಾದರೂ ಹೋಗಲಿ, ನಮ್ಮ ಬೀದಿಯ ತುದಿಯಲ್ಲಿ ಮೆಟ್ಟಿಲು ಬೇಡ, ಆಟೋಗಳ ಗಲಾಟೆ ಬೇಡ ಎಂದು ಫ್ಲಾಟಿನವರೆಲ್ಲ ಸೇರಿ ಕೊಟ್ಟಿದ್ದು. ಇಂಗ್ಲಿಷಿನಲ್ಲಿ ಬರೆದವಳು ನಾನೇ. ಸಹಿಗಳು ಸಾಲದಾದಾಗ ಅವಳನ್ನು ಕರೆದೆ. ಎಲ್ಲಿ ಒತ್ತಬೇಕು ಎಂದಷ್ಟೇ ಕೇಳಿದಳು. ದಿನಾ ಎರಡು ಬಸ್ಸು ಬದಲಿಸಿ, ಊದಿದ ಮೊಣಕಾಲಲ್ಲಿ ನಡೆದು ಬರುವವಳು.

ಇವರಿಗೆ ಹೇಳಿದರೆ, “ಬಿಡೇ ಸುಮತಿ, ಅವಳಿಗೇನು ಗೊತ್ತಾಗುತ್ತೆ” ಎಂದರು. ನಿಜ, ಗೊತ್ತಾಗುವುದಿಲ್ಲ. ಅದೇ ಸಂಕಟ.

ಮೂವತ್ತೊಂದು ವರ್ಷದ ಬ್ಯಾಂಕ್ ಕೆಲಸದಲ್ಲಿ, ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡವಳಲ್ಲ ನಾನು. ಈಗ ಅರ್ಜಿಯ ನಕಲು ತೆಗೆದು ನೋಡಿದೆ. ಅವಳ ಹೆಬ್ಬೆಟ್ಟಿನ ಕೆಳಗೆ, ಬ್ಯಾಂಕಿನ ಅಭ್ಯಾಸಬಲದಿಂದ, ನನ್ನದೇ ದುಂಡು ಅಕ್ಷರದಲ್ಲಿ, ಅವಳ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ ಎಂಬ ಸಾಲು. ಪಕ್ಕದಲ್ಲಿ ನನ್ನ ಸಹಿ.